ಎಂಜಿನ್ ಕುಣಿಯುತ್ತಿದೆಯಾ? ಫ್ಲೈವೀಲ್ ಮುಟ್ಟುವ ಮೊದಲು ಇಷ್ಟು ನೋಡಿ

ಹೊಸಕೋಟೆ, ದೇವನಹಳ್ಳಿ ಕಡೆಯ ತೋಟದ ಶೆಡ್ಡುಗಳಲ್ಲಿ ಇನ್ನೂ ಲಿಸ್ಟರ್ (ಬ್ರಿಟಿಷ್ ಕಂಪನಿ) ಮಾದರಿಯ ಹಳೇ ಡೀಸೆಲ್ ಎಂಜಿನ್‌ಗಳು ಕಾಣಸಿಗುತ್ತವೆ. ಒಂದೇ ಸಿಲಿಂಡರ್, ಎರಡು ಭಾರೀ ಚಕ್ರ, ಅಂದರೆ ಫ್ಲೈವೀಲ್. ಇಂಥ ಎಂಜಿನ್ ಸ್ವಲ್ಪ ಅದುರುವುದು ಸಹಜ. ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ಬಲವನ್ನು ತಿರುಗುವ ತೂಕದಿಂದ ಪೂರ್ತಿ ಸರಿದೂಗಿಸಲು ಆಗುವುದಿಲ್ಲ. ಆದರೆ ಬೋಲ್ಟ್ ಸಡಿಲವಾಗುವಷ್ಟು, ಪೈಪ್ ಸೀಳುವಷ್ಟು ಅದುರಿದರೆ ಕಾರಣ ಹುಡುಕಲೇಬೇಕು.

ಮೊದಲು ಎಂಜಿನ್ ನಿಲ್ಲಿಸಿ ಗಿಬ್ ಕೀ ನೋಡಿ. ಚಕ್ರವನ್ನು ಶಾಫ್ಟಿಗೆ ಬಿಗಿಯುವ ಬೆಣೆ ಅದು. ಒಬ್ಬರು ಒಂದು ಚಕ್ರವನ್ನು ಗಟ್ಟಿಯಾಗಿ ಹಿಡಿಯಲಿ, ಇನ್ನೊಬ್ಬರು ಇನ್ನೊಂದನ್ನು ಹಿಂದೆ ಮುಂದೆ ಅಲುಗಿಸಲಿ. ಕಟಕ್ ಎಂದರೆ, ಅಥವಾ ಕೀ ಪಕ್ಕದಲ್ಲಿ ಕೆಂಪು ಪುಡಿ ಕಂಡರೆ, ಕೀ ಲೂಸ್ ಆಗಿದೆ. ಅದನ್ನು ಸರಿಮಾಡದೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಚಕ್ರದ ಗುಂಬ (ಶಾಫ್ಟ್ ಕೂರುವ ನಡುಭಾಗ), ಕಡ್ಡಿಗಳಲ್ಲಿ ಬಿರುಕಿದೆಯಾ ಅಂತಲೂ ನೋಡಿ. ಬಿರುಕು ಬಿಟ್ಟ ಚಕ್ರಕ್ಕೆ ರಿಪೇರಿ ಇಲ್ಲ, ಬದಲಾಯಿಸಬೇಕು. ಫೌಂಡೇಶನ್ ಬೋಲ್ಟುಗಳನ್ನೂ ಆಗಲೇ ಬಿಗಿ ಮಾಡಿ.

ಇನ್ನು ಪಂಪಿಗೆ ಹೋಗುವ ಬೆಲ್ಟ್ ತೆಗೆದು ಎಂಜಿನ್ ಓಡಿಸಿ. ಅದುರುವುದು ನಿಂತರೆ ತಪ್ಪು ಪಂಪಿನದೋ, ಬೆಲ್ಟಿನ ಅಲೈನ್‌ಮೆಂಟಿನದೋ. ನಿಲ್ಲದಿದ್ದರೆ ಡೀಸೆಲ್ ಬಂದ್ ಮಾಡಿ, ಚಕ್ರ ತಾನಾಗಿ ನಿಧಾನವಾಗುವುದನ್ನು ಗಮನಿಸಿ. ಡೀಸೆಲ್ ನಿಂತ ಕೂಡಲೇ ಶಾಂತವಾದರೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್, ವೇಗ ಹಿಡಿದಿಡುವ ಗವರ್ನರ್ ನೋಡಿ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಜೋರಾಗಿ ಅದುರಿದರೆ ತಳಪಾಯದ ಕಡೆ ಅನುಮಾನ ಪಡಿ. ವೇಗದ ಜೊತೆಗೇ ಮೆಲ್ಲಗೆ ಇಳಿದರೆ ಬ್ಯಾಲೆನ್ಸ್ ಸಮಸ್ಯೆ. ಚಕ್ರ ತಿರುಗುವಾಗ ಅದರ ಅಂಚಿನ ನೇರಕ್ಕೆ ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ.

ವೇಗವನ್ನೂ ಅಳೆಯಿರಿ. 6 ಎಚ್‌ಪಿ ಲಿಸ್ಟರ್ ಓಡಬೇಕಾದದ್ದು 650 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 650 ಸುತ್ತು. ಅದನ್ನು 850ಕ್ಕೆ ಏರಿಸಿದರೆ ಅದುರಿಸುವ ಬಲ ಸುಮಾರು ಶೇ 70ರಷ್ಟು ಜಾಸ್ತಿಯಾಗುತ್ತದೆ. ಬಲ ಏರುವುದು ವೇಗದ ವರ್ಗದ (ವೇಗ × ವೇಗ) ಲೆಕ್ಕದಲ್ಲಿ. ಸುಮ್ನೆ ಗವರ್ನರ್ ತಿರುವಿ ವೇಗ ಏರಿಸಿಕೊಂಡವರು ಮೊದಲು ಅದನ್ನು ಇಳಿಸಿ ನೋಡಲಿ.

ಈಗ ಚಕ್ರಕ್ಕೆ ಬನ್ನಿ. ಈ ಮಾದರಿಯ ಹಲವು ಚಕ್ರಗಳ ಅಂಚಿನಲ್ಲಿ ಒಂದು ಕಡೆ ದಪ್ಪಗಿರುತ್ತದೆ. ಪಿಸ್ಟನ್ನಿಗೆ ಎದುರಾಗಿ ಇರಲೆಂದೇ ಎರಕದಲ್ಲಿ ಸೇರಿಸಿದ ತೂಕ ಅದು. ಚಕ್ರವನ್ನು ಲೇತ್ ಅಂಗಡಿಗೆ ಒಯ್ದು 'ಪೂರ್ತಿ ಬ್ಯಾಲೆನ್ಸ್ ಮಾಡಿಕೊಡಿ' ಎಂದರೆ ಅದನ್ನೇ ಕೊರೆದು ಹಾಕುತ್ತಾರೆ, ಎಂಜಿನ್ ಇನ್ನಷ್ಟು ಕುಣಿಯುತ್ತದೆ! ನೆಟ್ಟಗೆ ನಿಂತ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲ್ತುದಿಯಲ್ಲಿದ್ದಾಗ ಎರಡೂ ಚಕ್ರಗಳ ದಪ್ಪ ಭಾಗ ಕೆಳಗೆ ಬರಬೇಕು. ಹಿಂದೊಮ್ಮೆ ಬಿಚ್ಚಿ ಜೋಡಿಸುವಾಗ ಚಕ್ರಗಳು ಅದಲು ಬದಲಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಜಾಗ ಸರಿಯಿದ್ದರೆ ತೂಕ ನೋಡಿ. ಎಂಜಿನ್ ಮೈಗೆ ಒಂದು ರಟ್ಟು ಅಂಟಿಸಿ, ನೆಲದ ಮೇಲೆ ಬೇರೆಯಾಗಿ ನಿಲ್ಲಿಸಿದ ಗಟ್ಟಿ ಸ್ಟ್ಯಾಂಡಿಗೆ ಕಟ್ಟಿದ ಪೆನ್ಸಿಲ್ ತುದಿಯನ್ನು ಎಂಜಿನ್ ಓಡುವಾಗ ಅದಕ್ಕೆ ತಾಗಿಸಿ. ರಟ್ಟಿನ ಮೇಲೆ ಸಣ್ಣ ಮೊಟ್ಟೆಯಾಕಾರ ಮೂಡುತ್ತದೆ. ಉದ್ದಕ್ಕೆ ನಿಂತಿದ್ದರೆ ದಪ್ಪ ಭಾಗದ ತೂಕ ಸಾಲದು, ಅಡ್ಡ ಮಲಗಿದ್ದರೆ ಜಾಸ್ತಿ.

ಎರಡೂ ಚಕ್ರ ಸಮ ಇವೆಯಾ ಅಂತ ತಿಳಿಯಲು ಅವನ್ನು ಕಳಚಿ, ಒಂದೊಂದನ್ನೇ ಸಪಾಟಾಗಿ ಮಟ್ಟ ಮಾಡಿದ ಎರಡು ಕಬ್ಬಿಣದ ಆಂಗಲ್‌ಗಳ ಮೇಲೆ ಮ್ಯಾಂಡ್ರಲ್‌ನಲ್ಲಿ (ಚಕ್ರದ ನಡುವಿನ ತೂತಿಗೆ ಸರಿಯಾಗಿ ಕೂರುವ ಸರಳು) ಕೂರಿಸಿ. ದಪ್ಪ ಭಾಗವನ್ನು ಅಕ್ಷದ ಮಟ್ಟಕ್ಕೆ ತಂದು ಅಂಚಿಗೆ ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ ನೇರ ಮೇಲಕ್ಕೆ ಎಳೆಯಿರಿ. ಎರಡರ ಅಳತೆಯೂ ಒಂದೇ ಬರಬೇಕು. ವ್ಯತ್ಯಾಸವಿದ್ದರೆ ಹೆಚ್ಚು ತೂಗಿದ ಚಕ್ರದ ದಪ್ಪ ಭಾಗದಲ್ಲಿ ಕೊರೆಯಿರಿ. ಎರಡರಲ್ಲೂ ತೂಕ ಸಾಲದಿದ್ದರೆ ಎರಡನ್ನೂ ದಪ್ಪ ಭಾಗದ ಎದುರು ಬದಿಯಲ್ಲಿ ಸಮನಾಗಿ ಕೊರೆಯಿರಿ. 12 ಮಿ.ಮೀ. ಅಗಲ, 25 ಮಿ.ಮೀ. ಆಳದ ತೂತಿನಿಂದ ಸುಮಾರು 20 ಗ್ರಾಂ ಎರಕದ ಕಬ್ಬಿಣ ಹೋಗುತ್ತದೆ. ಕಡ್ಡಿಗಳಲ್ಲಿ ಕೊರೆಯಬೇಡಿ. ವೆಲ್ಡ್ ಮಾಡಿ ತೂಕ ಸೇರಿಸಬೇಡಿ, ಎರಕದ ಕಬ್ಬಿಣ ಅಲ್ಲೇ ಬಿರುಕು ಬಿಡಬಹುದು. ಮ್ಯಾಗ್ನೆಟ್ ಅಂಟಿಸಿ ಪರೀಕ್ಷಿಸುವುದಂತೂ ಬೇಡವೇ ಬೇಡ, ಹಾರಿದರೆ ಗುಂಡಿನ ಹಾಗೆ ಬರುತ್ತದೆ.

ಇಷ್ಟಾದರೂ ಬಗೆಹರಿಯದಿದ್ದರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಬಾಗಿದೆಯಾ ಅಂತ ಡಯಲ್ ಗೇಜಿನಿಂದ (ಸೂಕ್ಷ್ಮ ಓರೆ ಅಳೆಯುವ ಮುಳ್ಳಿನ ಮಾಪಕ) ನೋಡಿಸಬೇಕು. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ವರ್ಕ್‌ಶಾಪುಗಳಲ್ಲಿ ಆ ಕೆಲಸ ಆಗುತ್ತದೆ. ಹೋಗುವಾಗ ಪೆನ್ಸಿಲ್ ಗುರುತಿನ ರಟ್ಟು, ತಕ್ಕಡಿಯ ಎರಡೂ ಅಳತೆ ಜೊತೆಗೇ ಒಯ್ಯಿರಿ. ಜೋಡಿಸಿದ ಮೇಲೆ ಒಂದು ಗಂಟೆ ಓಡಿಸಿ, ನಿಲ್ಲಿಸಿ, ಕೀಯನ್ನು ಮತ್ತೆ ಪರೀಕ್ಷಿಸಿ.