ದೇವರ ನಡೆಸುವಿಕೆಯನ್ನು ಲಾಂಗ್ ಬುಕ್ಕಿನಲ್ಲಿ ಬರೆದಿಟ್ಟು ಕಲಿತೆ: ನನ್ನ ಅನುಭವ

ಹದಿಮೂರು ವರ್ಷದ ಹಿಂದೆ ದೇವರು ಹೇಳಿದರು ಅಂತ ನನಗೆ ಅನ್ನಿಸಿದ್ದನ್ನು ಬರೆದಿಡುವ ಈ ಬುಕ್ಕು ಶುರು ಮಾಡಿದಾಗ ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬರಿಗೂ ಅದು ಸರಿ ಕಾಣಲಿಲ್ಲ. "ದೇವ್ರ ಮಾತು ಅಂದ್ರ ಕಿರಾಣಿ ಅಂಗಡಿ ಉದ್ರಿ ಲೆಕ್ಕ ಆತೇನ?" ಅಂದರು ನಮ್ಮ ಮನೆಯವರು. ಸಭೆಯ ಹಿರಿಯರೊಬ್ಬರು ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ನಿಲ್ಲಿಸಿ, "ನಂಬಿಕೆಯಿಂದ ನಡೆಯೋರಿಗೆ ಬರಿಯೋದು ಯಾಕ ಬೇಕು ತಂಗಿ?" ಅಂತ ಕೇಳಿದ್ದರು. ಹೋದ ತಿಂಗಳು ಅದೇ ಹಿರಿಯರು ತಮ್ಮ ಸೊಸೆಯನ್ನು ನನ್ನ ಹತ್ತಿರ ಕಳಿಸಿದ್ದಾರೆ, ಹೇಗೆ ಬರೆಯೋದು ಅಂತ ಕಲಿತು ಬಾ ಅಂತ. ಆಕೆಗೆ ಹೇಳಿದ್ದನ್ನೇ ಎಲ್ಲರಿಗೂ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನಾನು ಗದಗ ಪಕ್ಕದ ಬೆಟಗೇರಿಯವಳು. ಹೊಲಿಗೆ ನನ್ನ ಕೆಲಸ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ನಮ್ಮೂರಿಗೆ ಬಂದದ್ದು 1841ರಲ್ಲಿ. ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ಸತ್ಯವೇದ, ಅಂದರೆ ಬೈಬಲ್, ಇದೆ. ದಿನದ ಓದು, ಪ್ರಾರ್ಥನೆ, ಶುಕ್ರವಾರದ ಉಪವಾಸ ಕೂಟ, ಇವೆಲ್ಲ ನಿಮ್ಮ ಮನೆಯಲ್ಲೂ ಇದ್ದದ್ದೇ. ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ನನಗೆ ತೊಡಕಾಗಿದ್ದು ಬೇರೆ. ಕಳ್ಳತನ ಮಾಡಬಾರದು ಅಂತ ಸತ್ಯವೇದ ಹೇಳುತ್ತದೆ. ಸ್ಟೇಷನ್ ರಸ್ತೆಯ ಮಳಿಗೆ ಹಿಡಿಯಬೇಕಾ ಬೇಡವಾ ಅಂತ ಯಾವ ಅಧ್ಯಾಯದಲ್ಲೂ ಇಲ್ಲ. ಅಲ್ಲೇ ನಾನು ಎರಡು ಸಲ ಬಿದ್ದೆ.

ಮೊದಲನೆಯ ಸಲ ಬಿದ್ದದ್ದು ವಾಗ್ದಾನದ ಕಾರ್ಡಿನಿಂದ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೆ ಒಂದೊಂದು ವಚನದ ಕಾರ್ಡು ತೆಗೆಯುತ್ತೇವಲ್ಲ, 2010ರ ಕೊನೆಗೆ ನನಗೆ ಬಂದದ್ದು ಯೆಶಾಯ 54:2. ಗುಡಾರದ ಜಾಗವನ್ನು ಅಗಲ ಮಾಡು ಅನ್ನೋ ವಚನ. ಆಗ ನಾನು ಮನೆಯ ಪಡಸಾಲೆಯಲ್ಲೇ ಒಂದು ಮಷಿನ್ ಇಟ್ಟುಕೊಂಡು ಹೊಲಿಯುತ್ತಿದ್ದೆ. ಇನ್ನೇನು ಬೇಕು? ಜನವರಿಯಲ್ಲೇ ಮಳಿಗೆ ಹಿಡಿದೆ. ಡಿಪಾಸಿಟ್ ಅರವತ್ತು ಸಾವಿರ, ಬಾಡಿಗೆ ನಾಲ್ಕೂವರೆ ಸಾವಿರ. ಹತ್ತಿರದಲ್ಲೇ ಇನ್ನೂ ನಾಲ್ಕು ಟೇಲರ್ ಅಂಗಡಿಗಳಿದ್ದವು. ಅವನ್ನು ನಾನು ನೋಡಿದ್ದೆ, ಆದರೆ ಎಣಿಸಲಿಲ್ಲ. ಹನ್ನೊಂದು ತಿಂಗಳಿಗೆ ಬಾಗಿಲು ಹಾಕಿದೆ. ಬಾಕಿ ಬಾಡಿಗೆಗೆ ಡಿಪಾಸಿಟ್ಟಿನಲ್ಲಿ ಮುರಿದುಕೊಂಡದ್ದು, ಶೋಕೇಸಿಗೆ ಹಾಕಿದ್ದು, ಎಲ್ಲ ಸೇರಿ ಎಂಬತ್ತೈದು ಸಾವಿರ ಹೋಯಿತು. ಆ ವಚನ ಪರದೇಶಕ್ಕೆ ಸೆರೆಯಾಗಿ ಹೋಗಿ ಬರಿದಾದ ಇಸ್ರಾಯೇಲ್ ಜನರಿಗೆ, ನಿಮ್ಮ ಮಕ್ಕಳು ತಿರುಗಿ ಬರುತ್ತಾರೆ ಅಂತ ದೇವರು ಹೇಳಿದ ಸಮಾಧಾನದ ಮಾತು. ಇಡೀ ಅಧ್ಯಾಯ ಓದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಎರಡನೆಯದು 2012ರಲ್ಲಿ. ಬೇರೆ ಊರಿನಿಂದ ಬಂದ ಬೋಧಕರೊಬ್ಬರು ಕೂಟದಲ್ಲಿ ನಮ್ಮ ಮನೆಯವರ ತಲೆ ಮೇಲೆ ಕೈಯಿಟ್ಟು, ಮೂರು ತಿಂಗಳಲ್ಲಿ ವಿದೇಶದ ಬಾಗಿಲು ತೆರೆಯುತ್ತದೆ ಅಂದರು. ಎರಡೇ ವಾರಕ್ಕೆ ಕುವೈತ್ ಕೆಲಸದ ಏಜೆಂಟನೊಬ್ಬ ಸಿಕ್ಕ. ದೇವರೇ ಕಳಿಸಿದ್ದು ಅಂದುಕೊಂಡೆವು. ಒಂದು ಲಕ್ಷ ಇಪ್ಪತ್ತು ಸಾವಿರ ಕೊಟ್ಟೆವು, ಅದರಲ್ಲಿ ನನ್ನ ಬಳೆ ಅಡ ಇಟ್ಟದ್ದೂ ಸೇರಿತ್ತು. ನಲವತ್ತು ಸಾವಿರ ವಾಪಸ್ ಬಂತು, ಉಳಿದದ್ದು ಬರಲಿಲ್ಲ. ಎರಡೂ ಸೇರಿದರೆ ಒಂದು ಲಕ್ಷ ಅರವತ್ತೈದು ಸಾವಿರ. ಆಗ ಸಾದಾ ಬ್ಲೌಸಿಗೆ ಎಂಬತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಅಂದರೆ ಎರಡು ಸಾವಿರಕ್ಕೂ ಜಾಸ್ತಿ ಬ್ಲೌಸು. ನನ್ನ ಬೆನ್ನಿಗೆ ಆ ಲೆಕ್ಕ ಗೊತ್ತು.

ಇದರ ನಡುವೆ ಸಣ್ಣಪುಟ್ಟ ಪ್ರಯೋಗಗಳೂ ನಡೆದಿದ್ದವು. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟದ್ದುಂಟು. ಪೂರ್ವಕಾಲವೃತ್ತಾಂತದ ವಂಶಾವಳಿ ಎರಡು ಸಲ ಬಂತು. ಚೀಟಿ ಎತ್ತಿದ್ದೂ ಉಂಟು. ಯೇಸುವಿನ ಅಪೊಸ್ತಲರೂ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಲು ಚೀಟಿ ಹಾಕಿದ್ದರು, ಅದು ಸತ್ಯವೇದದ ಅಪೊಸ್ತಲರ ಕೃತ್ಯಗಳ ಒಂದನೇ ಅಧ್ಯಾಯದಲ್ಲಿದೆ. ಆದರೆ ಎರಡನೇ ಅಧ್ಯಾಯದಲ್ಲಿ ಪವಿತ್ರಾತ್ಮ ಇಳಿದು ಬಂದ ಮೇಲೆ ಅವರು ಮತ್ತೆ ಚೀಟಿ ಹಾಕಿದ ಸುದ್ದಿ ಎಲ್ಲೂ ಇಲ್ಲ. ಅದು ಗಮನಕ್ಕೆ ಬಂದ ದಿನ ಚೀಟಿ ಬಿಟ್ಟೆ. ಯುದ್ಧಕ್ಕೆ ಹೋಗುವ ಮುಂಚೆ ಉಣ್ಣೆ ಹಾಸಿ, ಇದರ ಮೇಲೆ ಮಾತ್ರ ಮಂಜು ಬೀಳಲಿ ಅಂತ ದೇವರಿಗೆ ಕೇಳಿದ ಗಿದ್ಯೋನನ ಹಾಗೆ ಗುರುತು ಕೇಳಿದ್ದೂ ಆಯಿತು. ನಾಳೆ ಮೊದಲು ಬರುವವರು ರೇಷ್ಮೆ ಬ್ಲೌಸ್ ತಂದರೆ ಹೌದು ಅಂತ ತಿಳಿಯುತ್ತೇನೆ ಕರ್ತನೇ, ಅಂತ. ತಂದರು. ಅದು ಮೇ ತಿಂಗಳು, ಮದುವೆ ಸೀಸನ್. ರೇಷ್ಮೆ ಬಿಟ್ಟು ಬೇರೆ ಏನು ತರುತ್ತಾರೆ? ನ್ಯಾಯಸ್ಥಾಪಕರು 6 ಓದಿ ನೋಡಿ. ಏನು ಮಾಡಬೇಕು ಅಂತ ದೇವರು ಗಿದ್ಯೋನನಿಗೆ ಆಗಲೇ ಹೇಳಿ ಆಗಿತ್ತು. ಅವನು ಗುರುತು ಕೇಳಿದ್ದು ಗೊತ್ತಿಲ್ಲದ್ದಕ್ಕಲ್ಲ, ಹೆದರಿಕೆಗೆ. ಕನಸುಗಳನ್ನೂ ಒಂದು ವರ್ಷ ಬರೆದಿಟ್ಟೆ, ಸುಮಾರು ನಲವತ್ತು. ನನ್ನ ಪಾಲಿಗೆ ಅದರಿಂದ ಏನೂ ಹೊರಡಲಿಲ್ಲ.

ಬುಕ್ಕಿಗೆ ದಾರಿ ಮಾಡಿದವರು ನಮ್ಮ ಸಭೆಯ ಒಬ್ಬ ಅಜ್ಜಿ. ಕುವೈತಿನ ದುಡ್ಡು ಹೋದ ಮೇಲೆ ಅವರ ಮನೆ ಕಟ್ಟೆಯ ಮೇಲೆ ಕೂತು ಅತ್ತೆ. ದೇವರು ಯಾಕೆ ಸರಿಯಾಗಿ ಗುರುತು ಕೊಡೋದಿಲ್ಲ ಅಂತ ಕೇಳಿದೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ನಿಮ್ಮವ್ವ ಹಿತ್ತಲದಾಗಿಂದ ಕರದ್ರ, ನೀ ನಮ್ಮವ್ವ ಹೌದೋ ಅಲ್ಲೋ, ಗುರ್ತು ತೋರ್ಸು ಅಂತಿಯೇನವಾ?" ಅಂದರು. ಇಲ್ಲ ಅಂದೆ. "ಮತ್ತ? ಎಷ್ಟ್ ವರ್ಷ ಆ ದನಿ ಕೇಳಿದಿ?"

ಅವತ್ತು ರಾತ್ರಿ ಮಷಿನ್ ಮುಂದೆ ಕೂತಾಗ ಅದು ನನ್ನ ಕೆಲಸದಲ್ಲೇ ತಿಳಿಯಿತು. ಬಾಬಿನ್‌ನ ದಾರ ಮುಗಿಯುವ ಹೊತ್ತಿಗೆ ಮಷಿನ್ ಸದ್ದು ಒಂದು ಚೂರು ಬದಲಾಗುತ್ತದೆ. ಟಕಟಕ ಅನ್ನೋದರ ಕೆಳಗೆ ಹಗುರವಾದ ಗಡಗಡ ಬರುತ್ತದೆ, ದಾರ ಸವೆದು ಬಾಬಿನ್ ಒಳಗೆ ಸಡಿಲ ಆಗಿರುತ್ತದಲ್ಲ. ಹೊಸದಾಗಿ ಕಲಿಯುವ ಹುಡುಗಿಯರಿಗೆ ಅದು ಕೇಳೋದೇ ಇಲ್ಲ. ಒಂದು ಗೇಣು ಬರೀ ತೂತು ಹೊಲಿದ ಮೇಲೆ ನೋಡುತ್ತಾರೆ. ಆ ಸದ್ದು ಕೇಳಿದರೆ ನನ್ನ ಕೈ ತಾನೇ ನಿಲ್ಲುತ್ತದೆ. ಯಾರೂ ಕಲಿಸಲಿಲ್ಲ. ಸಾವಿರ ಸಲ ತಪ್ಪಿದ್ದಕ್ಕೆ ಬಂತು. ಹಾಗಾದರೆ ದೇವರ ದನಿಯಲ್ಲೂ ನಾನು ಎಲ್ಲಿ ತಪ್ಪಿದೆ ಅಂತ ನೋಡಬೇಕು. ಅದಕ್ಕೆ ಬರೆದಿಡಬೇಕು. ನೆನಪು ಸುಮ್ನೆ ನಮಗೆ ಬೇಕಾದ ಹಾಗೆ ಬದಲಾಗುತ್ತದೆ.

ಬರೆಯೋ ರೀತಿ ಹೀಗೆ. ನೂರು ಹಾಳೆಯ ಲಾಂಗ್ ಬುಕ್ಕು. ಎಡಗಡೆ ಪುಟದಲ್ಲಿ ತಾರೀಕು, ಸಂಗತಿ, ದೇವರು ಹೇಳಿದರು ಅಂತ ನನಗೆ ಅನ್ನಿಸಿದ್ದು ಬಂದ ಹಾಗೇ. ಎಲ್ಲಿ ಅನ್ನಿಸಿತು: ಓದಿನಲ್ಲಾ, ಬೋಧಕರ ಪ್ರಸಂಗದಲ್ಲಾ, ಪಾತ್ರೆ ತೊಳೆಯುವಾಗಾ? ನನಗೆ ಆಗ ಏನು ಆಸೆ ಇತ್ತು, ಏನು ಹೆದರಿಕೆ ಇತ್ತು? ಇದನ್ನು ಸುಳ್ಳಿಲ್ಲದೆ ಬರೆಯೋದೇ ಕಷ್ಟ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ದೇವರ ಚಿತ್ತ ಹುಡುಕುವಾಗ ಮೊದಲು ಮಾಡುತ್ತಿದ್ದದ್ದು ಅದೇ, ಆ ವಿಷಯದಲ್ಲಿ ತನ್ನ ಸ್ವಂತ ಇಷ್ಟವನ್ನು ಬದಿಗಿಡೋದು. ನನಗೆ ಬದಿಗಿಡಲು ಆಗದಿದ್ದಾಗ, ಆಗಲಿಲ್ಲ ಅಂತಲೇ ಬರೆದೆ. ಬಲಗಡೆ ಪುಟ ಖಾಲಿ. ಮೂರು ತಿಂಗಳಾದ ಮೇಲೆ ಅಲ್ಲಿ ಕೆಂಪು ಪೆನ್ನಿನಲ್ಲಿ ಏನಾಯಿತು ಅಂತ ಬರೆಯಬೇಕು. ಮೊದಲೇ ಬರೆದರೆ ಕೆಡುತ್ತದೆ.

ಮೊದಲ ಎರಡು ವರ್ಷದಲ್ಲಿ ಅರವತ್ತರ ಹತ್ತಿರ ಸಂಗತಿ ಬರೆದಿದ್ದೆ. ಇಪ್ಪತ್ತೈದು ನನ್ನದೇ ಆಸೆ ಅಂತ ಆಮೇಲೆ ತಿಳಿಯಿತು. ಹದಿನೈದು ನಿಜವಾಗಿ ದೇವರದ್ದು ಅಂತ ಧೈರ್ಯವಾಗಿ ಹೇಳಬಲ್ಲೆ. ಉಳಿದವು ಇವತ್ತಿಗೂ ತಿಳಿದಿಲ್ಲ. ಆದರೆ ಆ ಹದಿನೈದನ್ನು ಒಂದು ಸಂಜೆ ಒಟ್ಟಿಗೆ ಓದಿದಾಗ ಮೈ ಜುಮ್ಮೆಂದಿತು. ಎಲ್ಲವೂ ಒಂದೇ ದನಿಯಲ್ಲಿದ್ದವು. ಯಾವುದರಲ್ಲೂ ಅವಸರ ಇರಲಿಲ್ಲ. ಹೆಚ್ಚಿನವು ಒಂದೇ ಸಲ ಬಂದು ಹೋಗಿರಲಿಲ್ಲ, ಮೂರ್ನಾಲ್ಕು ಸಲ ಬಂದಿದ್ದವು, ಅದೂ ನಾನು ಬೇರೆ ಏನೋ ಮಾಡುವಾಗ. ದುಡ್ಡಿನ ವಿಷಯ ಎರಡೋ ಮೂರೋ, ಅಷ್ಟೇ. ಉಳಿದದ್ದೆಲ್ಲ ಯಾರೋ ಒಬ್ಬರ ವಿಷಯ: ಹೋಗಿ ನೋಡು, ಕ್ಷಮೆ ಕೇಳು, ಬಾಕಿ ಕೊಡು. ಆ ಕಡೆ ಇಪ್ಪತ್ತೈದರಲ್ಲಿ ಬಹಳಷ್ಟು ಕಡೆ "ಈಗಲೇ", "ಕೈ ತಪ್ಪುತ್ತದೆ", "ಈ ವಾರದಲ್ಲೇ" ಅಂತ ನನ್ನ ಕೈಬರಹದಲ್ಲೇ ಇತ್ತು. ಇದನ್ನು ಯಾವ ಪ್ರಸಂಗವೂ ನನಗೆ ಕಲಿಸಿರಲಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಟೇಲರ್‌ಗಳ ಮನೆಯಲ್ಲಿ ಉಳಿದ ಬಟ್ಟೆಯ ಚೀಲ ಇರುತ್ತದೆ, ನಿಮಗೂ ಗೊತ್ತು. ಬ್ಲೌಸಿಗೆ ಒಂದು ಮೀಟರ್ ಕೊಡುತ್ತಾರೆ, ಎಂಬತ್ತು ಸೆಂಟಿಮೀಟರಿನಲ್ಲಿ ಕಟಿಂಗ್ ಆಗುತ್ತದೆ. ಉಳಿದದ್ದನ್ನು ಗಿರಾಕಿ ಕೇಳೋದಿಲ್ಲ, ನಾವು ಕೊಡೋದಿಲ್ಲ. ನನ್ನ ಚೀಲದಲ್ಲಿ ಒಳ್ಳೊಳ್ಳೆ ರೇಷ್ಮೆ ತುಂಡುಗಳಿದ್ದವು. 2014ರಲ್ಲಿ ಒಂದು ತಿಂಗಳು ಆ ಚೀಲ ನೋಡಿದಾಗಲೆಲ್ಲ "ಇದು ನಿನ್ನದಲ್ಲ" ಅಂತ ಬರುತ್ತಿತ್ತು. ನಾಲ್ಕು ಸಲ ಬರೆದೆ. ಐದನೇ ಸಲ ಬರೆಯಲು ನಾಚಿಕೆಯಾಯಿತು. ನೆನಪಿದ್ದ ಹದಿನೆಂಟು ಮನೆಗಳಿಗೆ ಹೋಗಿ ತುಂಡು ವಾಪಸ್ ಕೊಟ್ಟೆ. ಒಬ್ಬರು ನಕ್ಕರು. ಒಬ್ಬರು ಟೀಚರ್, ಸುಮ್ಮನೆ ನನ್ನ ಮುಖ ನೋಡುತ್ತಾ ನಿಂತರು. ಎರಡು ವರ್ಷದ ಮೇಲೆ ಅವರೇ ತಮ್ಮ ಶಾಲೆಯ ನೂರ ಎಂಬತ್ತು ಜೊತೆ ಯೂನಿಫಾರ್ಮ್ ನನಗೆ ಕೊಡಿಸಿದರು. ಬಲಗಡೆ ಪುಟದಲ್ಲಿ ಮಾತ್ರ ನಾನು ಬರೆದದ್ದು ಯೂನಿಫಾರ್ಮ್ ಅಲ್ಲ, "ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು" ಅಂತ.

ಆ ನಿದ್ದೆಯ ಮಾತಿಗೆ ಬೆಲೆ ಬಂದದ್ದು ಮಂಗಳೂರಿನ ಒಬ್ಬ ಕಥೋಲಿಕ ಗೆಳತಿಯಿಂದ. ಸೈನಿಕನಾಗಿದ್ದು ಆಮೇಲೆ ಸಂತರಾದ ಇಗ್ನೇಷಿಯಸ್ ಲೊಯೋಲಾ ಅವರ ಕಥೆ ಅವಳೇ ಹೇಳಿದಳು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಅವರ ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದ್ದರಂತೆ. ಸೈನಿಕನ ಕೀರ್ತಿಯನ್ನು ಕಲ್ಪಿಸಿಕೊಂಡಾಗಲೂ ಖುಷಿ, ಕ್ರಿಸ್ತನಿಗಾಗಿ ಬಾಳೋದನ್ನು ಕಲ್ಪಿಸಿಕೊಂಡಾಗಲೂ ಖುಷಿ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ತಣ್ಣಗೆ ಇರುತ್ತಿತ್ತು. ಅವರು ಆ ವ್ಯತ್ಯಾಸ ಹಿಡಿದರು. ನಾವು ಪ್ರೊಟೆಸ್ಟಂಟರು, ಸಂತರ ಕಡೆ ಜಾಸ್ತಿ ಹೋಗೋದಿಲ್ಲ. ಆದರೆ ಇದು ಒಳ್ಳೆಯ ಪಾಠ, ನಾನು ತೆಗೆದುಕೊಂಡೆ. ರಾತ್ರಿ ಹತ್ತು ನಿಮಿಷ ಆ ದಿನವನ್ನು ಹಿಂದಕ್ಕೆ ನೋಡುತ್ತೇನೆ. ಯಾವ ಯೋಚನೆ ಆಮೇಲೂ ತಣ್ಣಗಿತ್ತು, ಯಾವುದು ಒಣಗಿಸಿತು?

ಬುಕ್ಕು ಇದ್ದೂ ತಪ್ಪಿದ್ದನ್ನು ಮುಚ್ಚಿಡಬಾರದು. 2016ರಲ್ಲಿ ನಮ್ಮ ಚಿಕ್ಕಮ್ಮ ಹುಬ್ಬಳ್ಳಿಯಲ್ಲಿ ಆಸ್ಪತ್ರೆಯಲ್ಲಿದ್ದರು. ಹೋಗಿ ನೋಡು ಅಂತ ಮನಸ್ಸಿನಲ್ಲಿ ಬಂತು. ಬರೆದೆ. ಮತ್ತೆ ಬಂತು, ಮತ್ತೆ ಬರೆದೆ. ಯೂನಿಫಾರ್ಮಿನ ಕಾಜಾ ಗುಂಡಿ ಬಾಕಿ ಇತ್ತು. ಮೂರನೇ ಸಲ ಬರೆದ ಮಾರನೇ ದಿನ ಅವರು ತೀರಿಕೊಂಡರು. ಹುಬ್ಬಳ್ಳಿ ಎಷ್ಟು ದೂರ, ಒಂದೂವರೆ ತಾಸಿನ ಬಸ್ಸು. ಆ ಎಡಗಡೆ ಪುಟದ ಎದುರು ನಾನು ಇವತ್ತಿಗೂ ಏನೂ ಬರೆದಿಲ್ಲ. ಅಂದಿನಿಂದ ಒಂದು ಕಟ್ಟಳೆ: ನನಗೆ ಮಾತ್ರ ತೊಂದರೆ, ಬೇರೆಯವರಿಗೆ ಒಳ್ಳೆಯದು ಅನ್ನುವಂಥದ್ದಾದರೆ ಮೊದಲು ಎದ್ದು ಹೋಗೋದು, ಆಮೇಲೆ ಬರೆಯೋದು. ಕಾದು ನೋಡೋದು ದುಡ್ಡು, ಸಾಲ, ಮದುವೆ, ಕೆಲಸ ಇವುಗಳಿಗೆ ಮಾತ್ರ.

ಬುಕ್ಕು ಯಾಕೆ ಅಂತ ಕೇಳುತ್ತಿದ್ದವರೆಲ್ಲ ಸುಮ್ಮನಾದದ್ದು 2020ರಲ್ಲಿ. ಅದಕ್ಕೆ ಮುಂಚೆ, ಕ್ರಿಸ್ಮಸ್ ಆದ ವಾರ, ಹುಬ್ಬಳ್ಳಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ಬಂದಿತ್ತು. ಎರಡು ಲಕ್ಷ ತೊಂಬತ್ತು ಸಾವಿರ ಹೇಳಿದರು. ಸಾಲ ಮಂಜೂರಾಗುವ ಹಾಗಿತ್ತು, ತಿಂಗಳಿಗೆ ಒಂಬತ್ತೂವರೆ ಸಾವಿರ ಕಂತು. ಕೂಟದವರೆಲ್ಲ, ದೇವರು ಬಾಗಿಲು ತೆರೆದಿದ್ದಾರೆ, ತೆಗೆದುಕೋ ಅಂದರು. ಮನೆಯವರೂ ಅಂದರು. ನನಗೂ ಬಹಳ ಆಸೆ ಇತ್ತು, ಅದನ್ನೂ ಬರೆದೆ. ಎಡಗಡೆ ಪುಟ ತಿರುಗಿ ಓದಿದೆ. "ಈ ವಾರದಲ್ಲೇ" ಅಂತ ನಾಲ್ಕು ಕಡೆ ಇತ್ತು. ಅದೇ ದಿನಗಳಲ್ಲಿ ನನ್ನ ದಿನದ ಓದು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿತ್ತು. 13:8, ಯಾರಿಗೂ ಸಾಲಗಾರರಾಗಿರಬೇಡಿ. ಹಳೇ ಸಾಲ ಇನ್ನೂ ಮೂವತ್ತೆಂಟು ಸಾವಿರ ಇತ್ತು. "ಮೊದಲು ಅದನ್ನು ಮುಗಿಸು" ಅಂತ ಮೂರು ಸಲ, ಅವಸರವಿಲ್ಲದೆ ಬಂತು. ಮಷಿನ್ ಬೇಡ ಅಂದೆ. ಮನೆಯವರು ಎರಡು ದಿನ ಮಾತಾಡಲಿಲ್ಲ. ಫೆಬ್ರವರಿ ಕೊನೆಗೆ ಹಳೇ ಸಾಲ ತೀರಿಸಿದೆ. ಮಾರ್ಚ್ 25ಕ್ಕೆ ದೇಶವೇ ಲಾಕ್‌ಡೌನ್ ಆಯಿತು.

ಲಾಕ್‌ಡೌನ್ ಬರುತ್ತದೆ ಅಂತ ದೇವರು ನನಗೆ ಮೊದಲೇ ಹೇಳಿದರು ಅಂತ ನಾನು ಎಲ್ಲೂ ಸಾಕ್ಷಿ ಹೇಳಿಲ್ಲ, ಹೇಳೋದೂ ಇಲ್ಲ. ಅವರು ಹೇಳಿದ್ದು ಸಾಲ ತೀರಿಸು ಅಂತ, ಅಷ್ಟೇ. ಆದರೆ ಆ ವರ್ಷ ಮದುವೆ ಸೀಸನ್ ಪೂರ್ತಿ ಹೋಯಿತು, ನಮ್ಮ ತಲೆಯ ಮೇಲೆ ಒಂದು ಕಂತೂ ಇರಲಿಲ್ಲ. ಇದ್ದ ಎರಡು ಮಷಿನ್ನುಗಳಲ್ಲಿ ಮಾಸ್ಕ್ ಹೊಲಿದೆ. ಒಂದಕ್ಕೆ ಐದು ರೂಪಾಯಿ ಹೊಲಿಗೆ, ಮೂರು ತಿಂಗಳಲ್ಲಿ ಒಂಬತ್ತು ಸಾವಿರದಷ್ಟು ಮಾಸ್ಕ್. ಬಟ್ಟೆ ಕತ್ತರಿಸಿ ಕೊಟ್ಟವರು ನಮ್ಮ ಮನೆಯವರೇ. ಒಂದು ರಾತ್ರಿ ಕತ್ತರಿ ಕೆಳಗಿಟ್ಟು, "ಆ ಬುಕ್ಕ ಕೊಡು, ನೋಡೂನು" ಅಂದರು. ಮೊದಲನೇ ಪುಟದಿಂದ ಓದಿದರು. ಕುವೈತಿನ ಪುಟಕ್ಕೆ ಬಂದಾಗ ಬಹಳ ಹೊತ್ತು ಅಲ್ಲೇ ಇದ್ದರು.

ಬುಕ್ಕಿನ ಜೊತೆಗೆ ನಾನು ನನ್ನನ್ನೇ ಕೇಳಿಕೊಳ್ಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯೋದಿಲ್ಲ. ನಮ್ಮ ಸ್ತ್ರೀಯರ ಕೂಟದಲ್ಲಿ ಆರು ತಿಂಗಳು ಬಿಡದೆ ಬರೆದವರಿಗೆ ಮಾತ್ರ ಹೇಳುತ್ತೇನೆ. ಬೇಗ ಹೇಳಿದರೆ ಅದನ್ನೂ ವಾಗ್ದಾನದ ಕಾರ್ಡಿನ ಹಾಗೆ ಹಿಡಿದುಕೊಳ್ಳುತ್ತಾರೆ. ಈಗ ಐದು ಜನ ಬರೆಯುತ್ತಿದ್ದಾರೆ. ಇಬ್ಬರು ನಡುವೆ ಬಿಟ್ಟರು. ಬಿಟ್ಟವರಲ್ಲಿ ಒಬ್ಬರು ಎಡಗಡೆ ಪುಟದಲ್ಲಿ ಬರೀ ಪ್ರಾರ್ಥನೆ ವಿಷಯಗಳನ್ನೇ ಬರೆದಿದ್ದರು, ತಮ್ಮ ಆಸೆಯನ್ನು ಒಮ್ಮೆಯೂ ಬರೆದಿರಲಿಲ್ಲ. ಅದಿಲ್ಲದೆ ಇದು ನಡೆಯೋದಿಲ್ಲ.

ನನ್ನದು ಈಗ ಏಳನೇ ಬುಕ್ಕು. ಮಗಳು ನರ್ಸಿಂಗ್ ಮುಗಿಸುತ್ತಿದ್ದಾಳೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರೋದಾ, ಜರ್ಮನಿಗೆ ಹೋಗೋಕೆ ಭಾಷೆ ಕಲಿಯೋದಾ ಅನ್ನೋ ಮಾತು ನಡೆದಿದೆ. ಎಡಗಡೆ ಪುಟ ತುಂಬಿದೆ. ಆಸೆ ಅನ್ನುವ ಜಾಗದಲ್ಲಿ "ಹತ್ತಿರ ಇರಲಿ" ಅಂತ ಬರೆದಿದ್ದೇನೆ. ಹೆದರಿಕೆ ಅನ್ನುವ ಜಾಗದಲ್ಲೂ ಅದೇ. ಮೊನ್ನೆ ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವಾ, ಈ ಸಲ ಬಲಗಡಿ ಪುಟ ನಾನ ಬಂದು ಬರೀತೀನಿ, ನೀ ಬರಿಬ್ಯಾಡ" ಅಂದಳು.