ಬೂರೆ ಹಬ್ಬ: ಹಂಡೆಗೆ ನೀರು ತುಂಬುವುದು ಹೇಗೆ?

ದೀಪಾವಳಿ ಎಂದರೆ ಪೇಟೆಯವರಿಗೆ ಪಟಾಕಿ. ಮಲೆನಾಡಿನ ಮನೆಗಳಲ್ಲಿ ಹಬ್ಬ ಶುರುವಾಗುವುದು ಬಚ್ಚಲಿನಿಂದ. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ಹಂಡೆಗೆ ಹೊಸ ನೀರು, ಅಂದರೆ ಬೂರೆ ನೀರು, ತುಂಬುವುದೇ ಬೂರೆ ಹಬ್ಬ. ಮರುದಿನ ನರಕ ಚತುರ್ದಶಿಯಂದು ಬೆಳಕು ಹರಿಯುವ ಮೊದಲು ಎಣ್ಣೆಸ್ನಾನ. 'ತೈಲೇ ಲಕ್ಷ್ಮೀ, ಜಲೇ ಗಂಗಾ' ಎನ್ನುತ್ತದೆ ಶ್ಲೋಕ. ಆ ದಿನ ಎಣ್ಣೆಯಲ್ಲಿ ಲಕ್ಷ್ಮಿ, ನೀರಿನಲ್ಲಿ ಗಂಗೆ ಇರುತ್ತಾರಂತೆ. ಹಾಗಾಗಿ ಮನೆ ಬಾವಿಯ ನೀರೇ ಸಾಕು, ಕಾಶಿಯಿಂದ ತಂದಿಟ್ಟ ಗಂಗೆಯ ಗಿಂಡಿ ಒಡೆಯಬೇಕಿಲ್ಲ.

ಹೆಚ್ಚಿನ ಕೆಲಸವೆಲ್ಲ ತಿಕ್ಕುವುದರಲ್ಲೇ ಇದೆ. ಬೆಳಗ್ಗೆಯೇ ಹಂಡೆಯ ಹಳೇ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ. ಹುಣಸೆಹಣ್ಣು, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ತೆಂಗಿನ ನಾರಿನಿಂದ ಕಂಠವನ್ನೂ ಒಳಮೈಯನ್ನೂ ಉಜ್ಜಿ. ತಾಮ್ರ ಕೆಂಪಗೆ ಹೊಳೆದ ಮೇಲೆ ಒಳಗೆ ಹುಳಿಯ ಅಂಶ ಉಳಿಯದಂತೆ ಎರಡು ಮೂರು ಸಲ ತೊಳೆಯಿರಿ. ತಳದ ಹೊರಮೈಗೆ ಮಣ್ಣು ಮೆತ್ತಿದರೆ ಮುಂದೆ ಮಸಿ ಸುಲಭವಾಗಿ ಬಿಡುತ್ತದೆ. ಅಂಗಡಿಯ ಪುಡಿ ಬೇಗ ಹೊಳಪು ಕೊಡುತ್ತದೆ ನಿಜ, ಮೈಗೆ ಹೊಯ್ಯುವ ನೀರಿನ ಪಾತ್ರೆಗೆ ನನಗೆ ಹುಣಸೆಯೇ ವಾಸಿ.

ಬಚ್ಚಲು ತೊಳೆದು, ಒಲೆಗೆ ಕೆಮ್ಮಣ್ಣು ಸಾರಿಸಿ, ಜೇಡಿಯಲ್ಲಿ (ಬಿಳಿ ಮಣ್ಣಿನಲ್ಲಿ) ರಂಗೋಲಿಯ ಎಳೆ ಬರೆಯಿರಿ. ಹಂಡೆಯ ಕಂಠಕ್ಕೆ ಸುತ್ತಲು ಹಿಂಡ್ಲೆಕಾಯಿ ಬಳ್ಳಿ ಬೇಕು. ಬೇಲಿಯಲ್ಲೇ ಸಿಗುತ್ತದೆ. ಸಿಗದಿದ್ದರೆ ಚೆಂಡುಹೂವಿನ ಮಾಲೆ ಸಾಕು.

ಸಂಜೆ ಬಾವಿಕಟ್ಟೆ ತೊಳೆದು ರಂಗೋಲಿ ಹಾಕಿ, ದೀಪ ಹಚ್ಚಿ, ಅರಿಶಿನ ಕುಂಕುಮ, ಹೂವು ಏರಿಸಿ ಗಂಗೆಪೂಜೆ ಮಾಡಿ. ಕೊಡಪಾನಕ್ಕೂ ಹಾಗೆಯೇ. 'ಗಂಗೇ ಚ ಯಮುನೇ ಚೈವ' ಗೊತ್ತಿದ್ದರೆ ಹೇಳಿ. ಆ ಮಂತ್ರದ ಏಳು ನದಿಗಳಲ್ಲಿ ನಮ್ಮ ತುಂಗೆಯೂ ಇಲ್ಲ, ಶರಾವತಿಯೂ ಇಲ್ಲ. 'ಗಂಗಾ ಸ್ನಾನ, ತುಂಗಾ ಪಾನ' ಎಂದುಕೊಂಡೇ ಬೆಳೆದ ತೀರ್ಥಹಳ್ಳಿ, ಶಿವಮೊಗ್ಗದ ಜನ ಕೊನೆಯಲ್ಲಿ ತುಂಗೆಯನ್ನೂ ಸೇರಿಸಿಕೊಂಡರೆ ಯಾರೂ ಬೇಡ ಎನ್ನರು. ಮಳೆ ಈಗಷ್ಟೇ ಹಿಂದೆ ಸರಿದಿರುವ ಕಾಲ, ಬಾವಿ ತುಂಬಿರುತ್ತದೆ, ಹಗ್ಗ ಹೆಚ್ಚು ಬಿಡಬೇಕಾಗಿಲ್ಲ. ಹೊಸ ನೀರು ಸೇದಿ ತಂದು ಹಂಡೆಯನ್ನು ಕಂಠದವರೆಗೆ ತುಂಬಿ, ಬಳ್ಳಿ ಸುತ್ತಿ, ಮುಂದೆ ದೀಪವಿಡಿ.

ಸಾಗರ, ಹೊಸನಗರದ ಕಡೆ ಕೆಲವು ಮನೆಗಳಲ್ಲಿ ಬೂರೆ ನೀರನ್ನು ಕಲಶಕ್ಕೂ ತುಂಬಿ, ಅದರಲ್ಲೇ ಬಲೀಂದ್ರನನ್ನು ಕೂರಿಸುತ್ತಾರೆ. ನಿಮ್ಮ ಮನೆಯ ಕ್ರಮವನ್ನು ಹಿರಿಯರಲ್ಲಿ ಕೇಳಿಕೊಳ್ಳಿ. ಕೇರಿಗೊಂದು ಕ್ರಮವಿದೆ.

ಬಾವಿ ಇಲ್ಲದವರು ನಲ್ಲಿಗೇ ಕುಂಕುಮವಿಟ್ಟು ಒಂದು ಕೊಡ ಹಿಡಿದರಾಯಿತು. ಗೀಸರಿಗೆ ಬಳ್ಳಿ ಸುತ್ತುವವರೂ ಇದ್ದಾರೆ. ತಪ್ಪೇನಿಲ್ಲ, ಕರೆಂಟಿನ ತಂತಿಗೆ ತಾಗದಿದ್ದರೆ ಸರಿ.

ಮರುದಿನ ನಸುಕಿನಲ್ಲೇ ಎದ್ದು ಒಲೆಗೆ ಬೆಂಕಿ ಹಾಕಿ. ಅಡಿಕೆ ಸಿಪ್ಪೆ, ಒಣ ಹಾಳೆ ಇದ್ದರೆ ಬೇಗ ಹೊತ್ತಿಕೊಳ್ಳುತ್ತದೆ. ಹಿರಿಯರು ಎಲ್ಲರ ನೆತ್ತಿಗೆ ಎಣ್ಣೆ ಒತ್ತಿದ ಮೇಲೆ ಸ್ನಾನ. ಒಬ್ಬೊಬ್ಬರು ಮಿಂದ ಹಾಗೆ ಹಂಡೆಗೆ ನೀರು ಸುರಿಯುತ್ತಾ ಇರಿ. ಒಲೆ ಉರಿಯುವಾಗ ಬರಿದಾದರೆ ತಳ ಸುಟ್ಟುಹೋಗುತ್ತದೆ.