ಅಮೆರಿಕದ ಸಂಶೋಧನಾ ನಿಯಮ: ಕರಡು ಪ್ರತಿಗೆ ವಿಶ್ವವಿದ್ಯಾಲಯ ಅಭಿಪ್ರಾಯ ಸಲ್ಲಿಸುವುದು ಹೇಗೆ?

ಅಮೆರಿಕದ ಫೆಡರಲ್ ಇಲಾಖೆಗಳು ಸಂಶೋಧನೆಗೆ ಹೊಸ ನಿಯಮ ತರುವ ಮುನ್ನ ಕರಡನ್ನು ಸರ್ಕಾರಿ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಿಸಿ ಅಭಿಪ್ರಾಯ ಕೇಳುವುದು ವಾಡಿಕೆ. ಗಡುವು ಸಾಮಾನ್ಯವಾಗಿ 30ರಿಂದ 60 ದಿನ. ಅಲ್ಲಿನ ಲ್ಯಾಬ್‌ಗಳಲ್ಲಿ ದುಡಿಯುವ ಕನ್ನಡಿಗರೂ ಬರೆಯಬಹುದು, ಅದಕ್ಕೆ ಪೌರತ್ವ ಬೇಕಿಲ್ಲ.

ಮೊದಲು ಡಾಕೆಟ್ ಸಂಖ್ಯೆ (ಆ ಕರಡಿನ ಕಡತದ ಸಂಖ್ಯೆ) ಮತ್ತು ಕೊನೆಯ ದಿನಾಂಕ ಗುರುತು ಹಾಕಿಕೊಳ್ಳಿ. ಕರಡಿನ ಪೀಠಿಕೆಯನ್ನು ಪೂರ್ತಿ ಓದಿ; ಯಾವ ವಿಷಯಕ್ಕೆ ಉತ್ತರ ಬೇಕೆಂದು ಇಲಾಖೆ ಅನೇಕ ಸಲ ಅಲ್ಲೇ ಹೇಳಿರುತ್ತದೆ. ಸಂಸ್ಥೆಯ ಹೆಸರಿನಲ್ಲಿ ಬರೆಯುವುದಾದರೆ ಸಂಶೋಧನಾ ಆಡಳಿತ ಕಚೇರಿಯ ಒಪ್ಪಿಗೆ ಪಡೆಯಿರಿ. ಈ ಓಡಾಟಕ್ಕೇ ಎರಡು ವಾರ ಹಿಡಿಯಬಹುದು, ತಡವಾಗುವುದು ಹೆಚ್ಚಾಗಿ ಇಲ್ಲೇ.

ಮುಂದಿನದು ಲೆಕ್ಕ. ‘ಇದು ಹೊರೆ’ ಎಂದಷ್ಟೇ ಬರೆದರೆ ಯಾರೂ ಕದಲುವುದಿಲ್ಲ. ಕರಡು ವರ್ಷಕ್ಕೆ 2 ಗಂಟೆಯ ತರಬೇತಿ ಕಡ್ಡಾಯ ಮಾಡುತ್ತದೆ, ನಿಮ್ಮಲ್ಲಿ 3,000 ಸಂಶೋಧಕರಿದ್ದಾರೆ ಎಂದುಕೊಳ್ಳಿ: ಒಟ್ಟು 6,000 ಗಂಟೆ. ಗಂಟೆಗೆ 60 ಡಾಲರ್‌ನಂತೆ 3,60,000 ಡಾಲರ್. ದಾಖಲೆ ಇಡುವ ಸಿಬ್ಬಂದಿ, ಸಾಫ್ಟ್‌ವೇರ್‌ನ ಖರ್ಚು ಬೇರೆಯಾಗಿ ತೋರಿಸಿ. ಈ ಹೊರೆ ಯಾರ ತಲೆಗೆ ಬರುತ್ತದೆ ಎಂಬುದನ್ನೂ ಹೇಳಿ: ಫೆಡರಲ್ ಅನುದಾನದಲ್ಲಿ ಆಡಳಿತ ವೆಚ್ಚದ ಮರುಪಾವತಿಗೆ 1991ರಿಂದ ಶೇ 26ರ ಮಿತಿಯಿದೆ. ಆ ಮಿತಿ ಮುಟ್ಟಿದ ವಿಶ್ವವಿದ್ಯಾಲಯಕ್ಕೆ ಹೊಸ ಖರ್ಚೆಲ್ಲ ಕೈಯಿಂದಲೇ.

ಆಕ್ಷೇಪದ ಜತೆಗೆ ಬದಲಿ ವಾಕ್ಯವನ್ನೂ ಬರೆದುಕೊಡಿ: ಇಂಥ ಕಲಮಿನ ಈ ಪದ ತೆಗೆಯಿರಿ, ಇದನ್ನು ಸೇರಿಸಿ, ಕಾರಣ ಇದು. ಮನುಷ್ಯರ ಮೇಲಿನ ಸಂಶೋಧನೆಗೆ ಅನ್ವಯಿಸುವ ‘ಕಾಮನ್ ರೂಲ್’ ತಿದ್ದುವಾಗ, ಗುರುತು ಅಳಿಸಿದ ರಕ್ತ, ಅಂಗಾಂಶದ ಮಾದರಿಗಳಿಗೂ ಒಪ್ಪಿಗೆ ಪತ್ರ ಬೇಕೆಂದು 2015ರ ಕರಡು ಹೇಳಿತ್ತು. ಎರಡು ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. 2017ರ ಅಂತಿಮ ನಿಯಮದಲ್ಲಿ ಆ ಅಂಶವನ್ನೇ ಕೈಬಿಡಲಾಯಿತು.

ಕೌನ್ಸಿಲ್ ಆನ್ ಗವರ್ನಮೆಂಟಲ್ ರಿಲೇಷನ್ಸ್‌ನಂಥ ವಿಶ್ವವಿದ್ಯಾಲಯ ಒಕ್ಕೂಟಗಳ ಪತ್ರವನ್ನು ಬೆಂಬಲಿಸಿ, ಆದರೆ ನಕಲು ಮಾಡಬೇಡಿ. ಇದು ಮತ ಎಣಿಕೆಯಲ್ಲ. ಒಂದೇ ಒಕ್ಕಣೆಯ ನೂರು ಪತ್ರಗಳಿಗಿಂತ ನಿಮ್ಮ ಕ್ಯಾಂಪಸ್ಸಿನ ಅಂಕಿಅಂಶವಿರುವ ಒಂದು ಪತ್ರಕ್ಕೆ ತೂಕ ಹೆಚ್ಚು.

ಪತ್ರವನ್ನು ಪಿಡಿಎಫ್ ಮಾಡಿ ರೆಗ್ಯುಲೇಷನ್ಸ್ ಡಾಟ್ ಗವ್‌ನಲ್ಲಿ ಏರಿಸಿ, ಟ್ರ್ಯಾಕಿಂಗ್ ಸಂಖ್ಯೆ ಇಟ್ಟುಕೊಳ್ಳಿ. ಸಲ್ಲಿಸಿದ್ದು ಸಾರ್ವಜನಿಕವಾಗುವುದರಿಂದ ಗೋಪ್ಯ ಮಾಹಿತಿ ಬೇಡ.

ಕರಡೇ ಇಲ್ಲದೆ ಆದೇಶ ಬಂದರೆ? 2025ರ ಫೆಬ್ರುವರಿ 7ರ ಶುಕ್ರವಾರ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) ತನ್ನ ಅನುದಾನದಲ್ಲಿ ಪರೋಕ್ಷ ವೆಚ್ಚಕ್ಕೆ (ಆಡಳಿತ, ಕಟ್ಟಡದಂಥ ಖರ್ಚು) ಶೇ 15ರ ಮಿತಿ ಹೇರಿತು, ಜಾರಿ ಸೋಮವಾರದಿಂದಲೇ! ವಿಶ್ವವಿದ್ಯಾಲಯಗಳು, ರಾಜ್ಯಗಳು ಕೋರ್ಟಿಗೆ ಹೋಗಿ ಅದಕ್ಕೆ ತಡೆ ತಂದವು. ಇಂಥ ಹೊತ್ತಿನಲ್ಲಿ ಸಂಸದರ ಕಚೇರಿಗೂ ಹೋಗಬೇಕಾಗುತ್ತದೆ. ಆದರೆ ಆ ಭೇಟಿಯ ಸಮಯವನ್ನಾಗಲಿ ಪ್ರಯಾಣದ ಖರ್ಚನ್ನಾಗಲಿ ಫೆಡರಲ್ ಅನುದಾನದ ಲೆಕ್ಕಕ್ಕೆ ಬರೆಯಬೇಡಿ. ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬಿದ್ದರೆ ಹಣ ವಾಪಸ್ ಕಟ್ಟಬೇಕಾದೀತು.